ಫ್ರೆಂಚಿನ ಭವಿಷ್ಯತ್ಕಾಲವನ್ನು ನಾನು ಕಲಿತ ಬಗೆ

ಅನುವಾದದ ಕೆಲಸಕ್ಕೆಂದು ಫ್ರೆಂಚ್ ಕಲಿಯುವಾಗ ನಾನು ಭವಿಷ್ಯತ್ಕಾಲವನ್ನು ಪಠ್ಯಪುಸ್ತಕದ ಕ್ರಮದಲ್ಲಿ ಓದದೆ, ಕನ್ನಡಕ್ಕೆ ಹತ್ತಿರವಿರುವ ರೂಪದಿಂದ ದೂರವಿರುವುದರ ಕಡೆಗೆ ಸಾಗಿದೆ. ‘ನಾಳೆ ಹೊರಡುತ್ತೇನೆ’ ಎಂದು ನಾವು ವರ್ತಮಾನದ ರೂಪದಲ್ಲೇ ಹೇಳುವಂತೆ ಅವರೂ ‘ಜ ಪಾರ್ ದಮ್ಯಾಂ’ ಎನ್ನುತ್ತಾರೆ. ನಾಳೆ ಎಂಬ ಅರ್ಥದ ‘ದಮ್ಯಾಂ’ ಇರುವುದರಿಂದ ಕ್ರಿಯಾಪದ ಬದಲಾಗಬೇಕಿಲ್ಲ. ಇದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಎರಡನೆಯದು, ‘ಹೋಗು’ ಎಂಬರ್ಥದ ‘ಆಲೆ’ ಧಾತುವಿನ ವರ್ತಮಾನ ರೂಪದ ಮುಂದೆ ಮುಖ್ಯ ಕ್ರಿಯಾಪದದ ಮೂಲರೂಪವನ್ನು ಇಡುವ ವಿಧಾನ. ‘ಜ ವೇ ಮಾಂಜೆ’ ಎಂದರೆ ‘ನಾನು ಊಟ ಮಾಡುತ್ತೇನೆ’, ಇನ್ನೇನು ಮಾಡಲಿದ್ದೇನೆ ಎಂಬ ಭಾವದಲ್ಲಿ. ಆಡುಮಾತಿನಲ್ಲಿ ಇದರ ಬಳಕೆ ಬಹಳ ಹೆಚ್ಚು.

ಮೂರನೆಯದು ಪ್ರತ್ಯಯ ಹತ್ತಿಸುವ ಸರಳ ಭವಿಷ್ಯತ್ತು. ಇದರ ಪ್ರತ್ಯಯಗಳನ್ನು ನಾನು ಬಾಯಿಪಾಠ ಮಾಡಲಿಲ್ಲ, ಏಕೆಂದರೆ ಅವು ‘ಹೊಂದಿರು’ ಎಂಬರ್ಥದ ‘ಆವ್ವಾರ್’ ಧಾತುವಿನ ವರ್ತಮಾನ ರೂಪಗಳ ತುಣುಕುಗಳೇ. ಆಡುಮಾತಿನ ಲ್ಯಾಟಿನ್ನಿನಲ್ಲಿ ‘ಹಾಡುವುದು ನನಗಿದೆ’ ಎಂಬ ಅರ್ಥ ಕೊಡುತ್ತಿದ್ದ ಎರಡು ಪದಗಳು ಕಾಲಕ್ರಮದಲ್ಲಿ ಬೆಸೆದು ಒಂದಾದವು. ಫ್ರೆಂಚಿನ ಅತ್ಯಂತ ಹಳೆಯ ಲಿಖಿತ ಪಠ್ಯವೆನಿಸಿದ 842ರ ಸ್ಟ್ರಾಸ್‌ಬರ್ಗ್ ಪ್ರಮಾಣವಚನದಲ್ಲಿ, ‘ರಕ್ಷಿಸುವೆನು’ ಎಂಬರ್ಥದ ‘ಸಾಲ್ವರಾಯ್’ ಎಂಬ ಬೆಸೆದ ರೂಪವೇ ಸಿಗುತ್ತದೆ. ಹಾಗಾಗಿ ನನ್ನ ಶ್ರಮವೆಲ್ಲ ಅನಿಯತ ಅಂಗಗಳಿಗೆ, ಅಂದರೆ ಪ್ರತ್ಯಯ ಹತ್ತುವ ಮೊದಲ ಭಾಗವೇ ನಿಯಮ ಮೀರಿ ಬದಲಾಗುವ ಕ್ರಿಯಾಪದಗಳಿಗೆ, ಹೋಯಿತು: ‘ಇರು’ ಎಂಬುದಕ್ಕೆ ‘ಸರ್’, ‘ಹೋಗು’ ಎಂಬುದಕ್ಕೆ ‘ಇರ್’, ‘ಮಾಡು’ ಎಂಬುದಕ್ಕೆ ‘ಫರ್’. ಅಂಗ ಯಾವುದೇ ಇರಲಿ, ಕೊನೆಯಲ್ಲಿ ರಕಾರ ತಪ್ಪುವುದಿಲ್ಲ.

ಎರಡನೆಯ ಮತ್ತು ಮೂರನೆಯ ರೂಪಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕೆಂಬುದೇ ನಿಜವಾದ ಕಲಿಕೆ. ಒಂದು ಹತ್ತಿರದ ಕಾಲಕ್ಕೆ, ಇನ್ನೊಂದು ದೂರದ ಕಾಲಕ್ಕೆ ಎಂಬ ವಿವರಣೆ ಆರಂಭಕ್ಕೆ ಸಾಕಾದರೂ ಅನುವಾದಕನಿಗೆ ಸಾಲದು. ‘ಎಲ್ ವಾ ಆವ್ವಾರ್ ಅನ್ ಆಂಫಾಂ’ ಎಂದರೆ ಸಾಮಾನ್ಯವಾಗಿ ಆಕೆ ಈಗಾಗಲೇ ಬಸುರಿ ಎಂದು ಕೇಳುವವರು ತಿಳಿಯುತ್ತಾರೆ. ‘ಎಲ್ ಒರಾ ಅನ್ ಆಂಫಾಂ’ ಎಂದರೆ ಆಕೆಗೆ ಎಂದಾದರೊಂದು ದಿನ ಮಗುವಾದೀತು ಎಂಬಷ್ಟೇ ಅರ್ಥ ಬರಬಹುದು. ಕವಿದ ಮೋಡ ಕಂಡು ಮಳೆ ಬರುತ್ತದೆ ಎನ್ನುವವನು ‘ಇಲ್ ವಾ ಪ್ಲವ್ವಾರ್’ ಎನ್ನುತ್ತಾನೆ, ಹವಾಮಾನ ವರದಿಯಲ್ಲಿ ‘ಇಲ್ ಪ್ಲವ್ರಾ’ ಸಹಜ. ಮುಂದಿನ ಘಟನೆಯ ಬೇರು ಈ ಗಳಿಗೆಯಲ್ಲೇ ಇದೆಯೇ ಎಂದು ಕೇಳಿಕೊಂಡರೆ ನನಗೆ ಬಹುಪಾಲು ಸಂದರ್ಭಗಳಲ್ಲಿ ಉತ್ತರ ಸಿಗುತ್ತದೆ.

ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಜಾಗ ಅಧೀನ ವಾಕ್ಯ. ‘ನೀನು ಬಂದಾಗ ಹೇಳುತ್ತೇನೆ’, ‘ನೀನು ಬಂದರೆ ಹೇಳುತ್ತೇನೆ’ ಎಂಬ ಎರಡರಲ್ಲೂ, ಇನ್ನೂ ನಡೆಯದ ಬರವಿಗೆ ನಾವು ಭೂತಕಾಲದ ‘ಬಂದ’ ಎಂಬ ಅಂಗವನ್ನೇ ಬಳಸುತ್ತೇವೆ. ಫ್ರೆಂಚ್ ಇಲ್ಲಿ ಎರಡು ದಾರಿ ಹಿಡಿಯುತ್ತದೆ: ‘ಯಾವಾಗ’ ಎಂಬರ್ಥದ ‘ಕಾಂ’ ಬಂದರೆ ಅಧೀನ ಕ್ರಿಯಾಪದವೂ ಭವಿಷ್ಯತ್ತಿನಲ್ಲಿರಬೇಕು, ‘ಕಾಂ ತ್ಯು ವ್ಯಾಂದ್ರಾ’, ಷರತ್ತಿನ ‘ಸಿ’ ಬಂದರೆ ವರ್ತಮಾನವೇ ಇರಬೇಕು, ‘ಸಿ ತ್ಯು ವ್ಯಾಂ’. ಈ ಜೋಡಿಯನ್ನು ನಾನು ಪ್ರತ್ಯೇಕ ನಿಯಮಗಳಾಗಿ ಅಲ್ಲದೆ ಯಾವಾಗಲೂ ಅಕ್ಕಪಕ್ಕದಲ್ಲೇ ಬರೆದು ಅಭ್ಯಾಸ ಮಾಡಿದೆ, ಕಿವಿಗೆ ವ್ಯತ್ಯಾಸ ನಾಟಿದ್ದು ಹಾಗೆ.

ಪೂರ್ಣ ಭವಿಷ್ಯತ್ತು ಇನ್ನೊಂದು ಕ್ರಿಯೆಗಿಂತ ಮೊದಲೇ ಮುಗಿದಿರುವುದನ್ನು ಹೇಳುತ್ತದಷ್ಟೇ ಅಲ್ಲ, ಊಹೆಗೂ ಬಳಕೆಯಾಗುತ್ತದೆ. ಬರಬೇಕಾದವನು ಬರದಿದ್ದರೆ ‘ಇಲ್ ಒರಾ ಮಾಂಕೆ ಸೊಂ ತ್ರ್ಯಾಂ’ ಎನ್ನುತ್ತಾರೆ. ಇದನ್ನು ನಾನು ‘ಅವನಿಗೆ ರೈಲು ತಪ್ಪಿರಬೇಕು’ ಎಂದು ಅನುವಾದಿಸುತ್ತೇನೆ. ಇತಿಹಾಸದ ಬರಹಗಳಲ್ಲಿ, ನೆಪೋಲಿಯನ್ 1821ರಲ್ಲಿ ಸೇಂಟ್ ಹೆಲೆನಾದಲ್ಲಿ ‘ಸಾಯುವನು’ ಎಂಬಂಥ ಭವಿಷ್ಯದ್ರೂಪವೂ ಎದುರಾಗುತ್ತದೆ. ಅದನ್ನು ಹಾಗೆಯೇ ಉಳಿಸಿಕೊಂಡರೆ ಕನ್ನಡದಲ್ಲಿ ಜ್ಯೋತಿಷ್ಯದಂತೆ ಕೇಳಿಸುವುದರಿಂದ ನಾನು ಅಲ್ಲಿ ನೇರವಾಗಿ ‘ತೀರಿಕೊಂಡನು’ ಎಂದೇ ಬರೆಯುತ್ತೇನೆ.