ಹಳೆಯ ಇನುಕ್ಟಿಟುಟ್ ಕಡತ ಯೂನಿಕೋಡ್‌ಗೆ ಬಂದದ್ದು ಹೀಗೆ

ಕೆನಡಾದ ಇನುಕ್ಟಿಟುಟ್ ಭಾಷೆಯ ಹಳೆಯ ವರ್ಡ್ ಕಡತ ತೆರೆದರೆ ಪುಟದ ತುಂಬ ಇಂಗ್ಲಿಷ್ ಅಕ್ಷರ, ಅಂಕಿಗಳ ಕಲಸುಮೇಲೋಗರ. ಕನ್ನಡದ 'ನುಡಿ' ತಂತ್ರಾಂಶದ ಹಳೆಯ ಕಡತಗಳ ಜೊತೆ ಗುದ್ದಾಡಿದವರಿಗೆ ಈ ಕಾಯಿಲೆ ಗೊತ್ತು. ಕಡತದಲ್ಲಿ ಬಳಸಿದ್ದ ನುನಾಕಾಮ್ ಎಂಬ ಫಾಂಟು ಇಂಗ್ಲಿಷ್ ಸಂಕೇತಗಳ ಮೇಲೆಯೇ ಇನುಕ್ಟಿಟುಟ್ ಅಕ್ಷರರೂಪಗಳನ್ನು ಕೂರಿಸಿತ್ತು. 'ಇನುಇಟ್' ಎಂಬುದು ಕಡತದೊಳಗೆ ಡಬ್ಲ್ಯು, ಕೆ, ಡಬ್ಲ್ಯು, 5: ಡಬ್ಲ್ಯು ಅಂದರೆ ಇ, ಕೆ ಅಂದರೆ ನು, 5 ಅಂದರೆ ಕೊನೆಯ ಟ್.

ಆ ಫಾಂಟ್ ಹಾಕಿಕೊಂಡರೆ ಕಣ್ಣಿಗೇನೋ ಸರಿಯಾಗುತ್ತದೆ, ಹುಡುಕಿದರೆ ಮಾತ್ರ ಏನೂ ಸಿಗದು. ಅದು ಪರಿಹಾರವೇ ಅಲ್ಲ. ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್‌ನ 1999ರ 3.0 ಆವೃತ್ತಿಯಲ್ಲೇ ಈ ಲಿಪಿಗೆ ಸ್ವಂತ ಜಾಗ ಸಿಕ್ಕಿದೆ. ಹಾಗಾಗಿ ಯಾವ ಹಳೆಯ ಸಂಕೇತಕ್ಕೆ ಯಾವ ಯೂನಿಕೋಡ್ ಅಕ್ಷರ ಎಂದು ನಾನು ಪಟ್ಟಿ ಮಾಡಿ, ಪೈಥಾನ್ ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಮಿನಿಂದ ಬದಲಿಸಿದೆ. ನುನಾಕಾಮ್ ಫಾಂಟಿರುವ ತುಣುಕುಗಳನ್ನಷ್ಟೇ ಮುಟ್ಟಿ. ಇಲ್ಲದಿದ್ದರೆ ನಡುವಿನ ಇಂಗ್ಲಿಷ್ ಹೆಸರು, ಇಸವಿಗಳೂ ಕೆಡುತ್ತವೆ.