ಪಿಎಸ್2ನಲ್ಲಿ ‘ಹಿಯರ್ ಕಮ್ಸ್ ದ ಪೇನ್’: ರಿವರ್ಸಲ್ ಯಾಕೆ ಬೀಳುತ್ತಿಲ್ಲ?

ಟಿಎಚ್‌ಕ್ಯೂ 2003ರಲ್ಲಿ ಹೊರತಂದ ‘ಸ್ಮ್ಯಾಕ್‌ಡೌನ್! ಹಿಯರ್ ಕಮ್ಸ್ ದ ಪೇನ್’ ಸೋನಿಯ ಪ್ಲೇಸ್ಟೇಷನ್ 2 ಕನ್ಸೋಲಿಗೆ (ಪಿಎಸ್2) ಮಾತ್ರ ಬಂದ ಡಬ್ಲ್ಯುಡಬ್ಲ್ಯುಇ ಕುಸ್ತಿ ಆಟ. ತಯಾರಿಸಿದ್ದು ಜಪಾನಿನ ಯೂಕ್ಸ್. ಕುರ್ಚಿ, ಮೇಜು, ಏಣಿ, ರಕ್ತ ಎಲ್ಲ ಇದೆ. ಆದರೆ ಆಟದ ಜೀವ ಇರುವುದು ರಿವರ್ಸಲ್‌ನಲ್ಲಿ, ಅಂದರೆ ಎದುರಾಳಿಯ ಪಟ್ಟನ್ನು ಅವನಿಗೇ ತಿರುಗಿಸುವುದರಲ್ಲಿ. ಎದುರಾಳಿಯ ಹೊಡೆತ ತಡೆಯಲು ಒಂದು ಬಟನ್, ಹಿಡಿತ ತಿರುಗಿಸಲು ಇನ್ನೊಂದು: ಎಲ್2 ಮತ್ತು ಆರ್2. ಒತ್ತಬೇಕಾದ ಗಳಿಗೆ ಕಣ್ಣು ಮಿಟುಕಿಸುವಷ್ಟೇ. ಅದು ತಪ್ಪುತ್ತಿದ್ದರೆ ಕೈಚಳಕವನ್ನು ಬೈಯುವ ಮೊದಲು ನಾನು ಸಾಮಾನು ನೋಡುತ್ತೇನೆ. ಮೊದಲು ಟಿವಿ, ಆಮೇಲೆ ಕಂಟ್ರೋಲರ್, ಕೊನೆಗೆ ಡಿಸ್ಕ್.

ಹಳೆಯ ಡಬ್ಬಾ ಟಿವಿಯಲ್ಲಿ ಲ್ಯಾಗ್, ಅಂದರೆ ಬಟನ್ ಒತ್ತಿದ್ದು ತೆರೆಯ ಮೇಲೆ ಕಾಣಲು ಆಗುವ ತಡ, ಅನ್ನುವುದೇ ಇರಲಿಲ್ಲ. ಈಗಿನ ಎಲ್‌ಇಡಿ ಟಿವಿ, ಪಿಎಸ್2 ಸಾಲು ಬಿಟ್ಟು ಸಾಲಿನಂತೆ ಎರಡು ಕಂತಿನಲ್ಲಿ ಕಳಿಸುವ ಇಂಟರ್‌ಲೇಸ್ ಚಿತ್ರವನ್ನು ಮೊದಲು ಜೋಡಿಸಿ, ಹಿಗ್ಗಿಸಿ, ಆಮೇಲೆ ತೋರಿಸುತ್ತದೆ. ಆ ತಡವೇ ರಿವರ್ಸಲ್ ನುಂಗುವುದು. ಟಿವಿಯ ಪಿಕ್ಚರ್ ಮೆನುವಿನಲ್ಲಿ ಗೇಮ್ ಮೋಡ್ ಹಾಕಿ, ಚಿತ್ರ ನಯ ಮಾಡುವ ಉಳಿದ ಆಯ್ಕೆಗಳನ್ನೆಲ್ಲ ಆರಿಸಿಬಿಡಿ. ಹಳದಿ-ಕೆಂಪು-ಬಿಳಿ ಕೇಬಲ್ ಬದಲು ಕಾಂಪೊನೆಂಟ್ ಕೇಬಲ್ ಹಾಕಿದರೆ ಚಿತ್ರ ಬಹಳ ಸ್ವಚ್ಛವಾಗುತ್ತದೆ; ಲ್ಯಾಗ್ ಮಾತ್ರ ಗೇಮ್ ಮೋಡ್‌ನಿಂದಲೇ ಇಳಿಯಬೇಕು. ಕೇಬಲ್ ಬದಲಿಸುವ ಮುಂಚೆ, ಹಳೆಯ ಕೇಬಲ್ ಇರುವಾಗಲೇ, ಪಿಎಸ್2 ಮೆನುವಿನ ಸಿಸ್ಟಮ್ ಕಾನ್ಫಿಗರೇಶನ್‌ಗೆ ಹೋಗಿ ಕಾಂಪೊನೆಂಟ್ ವಿಡಿಯೊ ಔಟ್ ಅನ್ನು ಆರ್‌ಜಿಬಿಯಿಂದ ವೈ ಸಿಬಿ ಸಿಆರ್‌ಗೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಬಣ್ಣವೆಲ್ಲ ಕೆಟ್ಟು ಮೆನು ಓದುವುದೇ ಕಷ್ಟ. ಪಿಎಸ್2 ಹಿಂಬದಿಗೆ ಸಿಕ್ಕಿಸುವ ಅಗ್ಗದ ಎಚ್‌ಡಿಎಂಐ ಅಡಾಪ್ಟರ್‌ಗಳಲ್ಲಿ ಹೆಚ್ಚಿನವು ಇಂಟರ್‌ಲೇಸ್ ಚಿತ್ರವನ್ನು ಹಾಗೆಯೇ ದಾಟಿಸುತ್ತವೆ. ಕೆಲಸ ಮತ್ತೆ ಟಿವಿಯ ತಲೆಗೇ.

ಟಿವಿ ಸರಿಯಿದ್ದೂ ಒಂದು ಬಟನ್ ಆಗೊಮ್ಮೆ ಈಗೊಮ್ಮೆ ಕೈಕೊಡುತ್ತಿದ್ದರೆ ಪಿಎಸ್2ರ ಕಂಟ್ರೋಲರ್ ಡ್ಯುಯಲ್‌ಶಾಕ್ 2 ಬಿಚ್ಚಬೇಕು. ಇದರ ಬಟನ್‌ಗಳ ಕೆಳಗೆ ತೆಳುವಾದ ಪ್ಲಾಸ್ಟಿಕ್ ಸರ್ಕ್ಯೂಟ್ ಹಾಳೆ ಇದೆ. ಹಳೆಯ ಮಾದರಿಗಳಲ್ಲಿ ಅದರ ತುದಿಯನ್ನು ಬೋರ್ಡಿನ ಕಾಂಟ್ಯಾಕ್ಟ್‌ಗೆ ಒತ್ತಿ ಹಿಡಿಯುವುದು ಪುಟ್ಟ ಫೋಮ್ ತುಂಡು. ವರ್ಷ ಕಳೆದಂತೆ ಫೋಮ್ ಚಪ್ಪಟೆಯಾಗಿ ಒತ್ತಡ ಸಾಲದಾಗುತ್ತದೆ. ನಾನು ಕಾಂಟ್ಯಾಕ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಫೋಮ್ ಹಿಂದೆ ಎರಡು ಮಡಿಕೆ ಇನ್ಸುಲೇಶನ್ ಟೇಪ್ ಅಂಟಿಸುತ್ತೇನೆ. ಮಡಿಕೆ ಹೆಚ್ಚಾದರೆ ಕವಚ ಕೂರುವುದಿಲ್ಲ. ಸ್ಕ್ರೂ ಬಿಗಿದು ಒತ್ತಾಯಿಸಿದರೆ ಬೋರ್ಡ್ ಬಾಗುತ್ತದೆ.

ಡಿಸ್ಕ್ ವಿಷಯ ಚಿಕ್ಕದು. ಆಟ ಇರುವುದು ಡಿವಿಡಿಯಲ್ಲಿ. ಪಿಎಸ್2ರ ತೆಳು ಸ್ಲಿಮ್ ಮಾದರಿಯಾದರೆ ಮುಚ್ಚಳ ಎತ್ತಿದ ಕೂಡಲೇ ಲೆನ್ಸ್ ಕಾಣುತ್ತದೆ. ಹತ್ತಿಕಡ್ಡಿಗೆ ಒಂದೆರಡು ಹನಿ ಆಲ್ಕೋಹಾಲ್ ಹಾಕಿ ಮೆಲ್ಲಗೆ ಒರೆಸಿ, ಒಣಗಲು ಬಿಡಿ. ಡಿಸ್ಕಿನ ಮೇಲೆ ವೃತ್ತಾಕಾರದ ಗೀರು ಬೀಳುತ್ತಿದ್ದರೆ ಆಟ ನಿಲ್ಲಿಸಿ: ಮೊದಲ ಸ್ಲಿಮ್‌ಗಳಲ್ಲಿ ಲೇಸರ್‌ನ ರಿಬ್ಬನ್ ಕೇಬಲ್ ಮೇಲೆದ್ದು ಡಿಸ್ಕಿಗೆ ಉಜ್ಜುವುದುಂಟು. ಅಮೆರಿಕದಿಂದ ತರಿಸಿದ ಡಿಸ್ಕ್ ಇಲ್ಲಿ ಮಾರಾಟವಾದ ಪಾಲ್ (ನಮ್ಮ ಕಡೆಯ ಟಿವಿ ಪದ್ಧತಿಯ) ಕನ್ಸೋಲಿನಲ್ಲಿ, ಅದು ಮಾಡಿಫೈ ಆಗಿರದಿದ್ದರೆ, ಓಡುವುದಿಲ್ಲ.

ಇನ್ನು ಆಯುಧ ಬಳಸಲು ಅಡ್ಡಿಯಿಲ್ಲದ ಹಾರ್ಡ್‌ಕೋರ್ ಪಂದ್ಯ. ಹೊಸಬರು ಗಂಟೆ ಹೊಡೆದ ತಕ್ಷಣ ರಿಂಗಿನ ಕೆಳಗಿನ ಕುರ್ಚಿಗೆ ಕೈ ಹಾಕುತ್ತಾರೆ. ಬರಿಗೈ ಗುದ್ದಿಗಿಂತ ಕುರ್ಚಿ ಬೀಸಲು ಹೊತ್ತು ಹೆಚ್ಚು. ಸುಸ್ತಾಗದ ಎದುರಾಳಿಗೆ ಅಷ್ಟು ಸಮಯ ಧಾರಾಳ. ಅತಿ ಕಠಿಣವಾದ ‘ಸ್ಮ್ಯಾಕ್‌ಡೌನ್’ ಮಟ್ಟದ ಕಂಪ್ಯೂಟರ್ ಅಂತೂ ಬಿಡುವ ಪೈಕಿಯಲ್ಲ. ಮೊದಲು ಹಿಡಿತಗಳಿಂದ ಬಸವಳಿಸಬೇಕು. ತೆರೆಯ ಮೇಲಿನ ದೇಹದ ಚಿತ್ರದಲ್ಲಿ ತಲೆ, ಮುಂಡ, ಕೈ, ಕಾಲಿನ ಬಣ್ಣ ಪೆಟ್ಟು ಬಿದ್ದಂತೆ ಕೆಂಪಿಗೆ ತಿರುಗುತ್ತದೆ. ನಾಲ್ಕೂ ಕಡೆ ಚೂರು ಚೂರು ಹೊಡೆಯುವುದಕ್ಕಿಂತ ಒಂದನ್ನು ಕೆಂಪಾಗಿಸುವುದೇ ಲಾಭ. ಸಬ್ಮಿಷನ್ (ಹಿಡಿತದ ನೋವಿಗೆ ಎದುರಾಳಿ ಸೋಲೊಪ್ಪುವುದು) ಬೇಕಾದರೆ ಕಾಲು, ರಕ್ತ ಬೇಕಾದರೆ ತಲೆ. ಕುರ್ಚಿ ತರುವುದು ಆಮೇಲೆ, ಆತ ನಿಂತಲ್ಲೇ ತೂರಾಡುವಾಗ.

ತೂಕದ ಲೆಕ್ಕ ಮರೆಯಬೇಡಿ. ಹಗುರ ಮೈಯ ರೇ ಮಿಸ್ಟೀರಿಯೊ ದೈತ್ಯ ಬಿಗ್ ಶೋನನ್ನು ಎತ್ತಲಾರ. ಹಗುರ ಕುಸ್ತಿಪಟು ಆಯ್ದುಕೊಂಡವರು ಎತ್ತಿ ಒಗೆಯುವ ಪಟ್ಟು ನೆಚ್ಚದೆ ಹೊಡೆತವನ್ನೇ ನೆಚ್ಚಿ ಎದುರಾಳಿಯ ಕಾಲಿನ ಮೇಲೆ ಕಣ್ಣಿಡಬೇಕು. ಮೇಜಿನ ಮೇಲೆ ಮಲಗಿಸಿ ಹಾರುವ ಆಸೆಯಿದ್ದರೆ ಮೇಜನ್ನು ಮೂಲೆಗೆ ಹತ್ತಿರ ಬಿಡಿಸಿ. ದೂರವಾದರೆ ನೀವೇ ನೆಲಕ್ಕೆ. ಫಿನಿಷರ್ (ಪ್ರತಿ ಕುಸ್ತಿಪಟುವಿನ ಪಂದ್ಯ ಮುಗಿಸುವ ಪಟ್ಟು) ಕೂಡಿಟ್ಟುಕೊಳ್ಳಬಹುದು, ಎಲ್1 ಒತ್ತಿದಾಗ ಒಂದು ಖರ್ಚು. ನಾನು ಒಂದನ್ನಾದರೂ ಮೀಸಲಿಡುತ್ತೇನೆ, ಮೊದಲನೆಯದನ್ನು ಆತ ತಿರುಗಿಸಿದರೆ ಬೇಕಾಗುತ್ತದೆಂದು.

ಇಬ್ಬರಿಗಿಂತ ಹೆಚ್ಚು ಜನ ಆಡುವುದಾದರೆ, ಒಂದೇ ಪೋರ್ಟಿಗೆ ಹಲವು ಕಂಟ್ರೋಲರ್ ಸೇರಿಸುವ ಮಲ್ಟಿಟ್ಯಾಪ್ ಬೇಕು. ಕೊಳ್ಳುವಾಗ ಮಾದರಿ ಸಂಖ್ಯೆ ನೋಡಿ: ದಪ್ಪ ಪಿಎಸ್2ಗೆ ಎಸ್‌ಸಿಪಿಎಚ್-10090, ಸ್ಲಿಮ್‌ಗೆ ಎಸ್‌ಸಿಪಿಎಚ್-70120. ಮೊದಲನೆಯದು ಸ್ಲಿಮ್‌ನ ಪೋರ್ಟಿಗೆ ಕೂರುವುದೇ ಇಲ್ಲ.