ಬೆರಳಿನ ಮೇಲೆ ಶಾಯಿ ಒಣಗುವ ಬಗೆ: ಮತಗಟ್ಟೆಯಲ್ಲಿ ನನ್ನ ಅನುಭವ

ಶಿಕ್ಷಕನಾದ ನನಗೆ ಚುನಾವಣಾ ಕರ್ತವ್ಯದಲ್ಲಿ ಹೆಚ್ಚಾಗಿ ಬರುತ್ತಿದ್ದುದು ಮತದಾರರ ಎಡಗೈ ತೋರುಬೆರಳಿಗೆ ಅಳಿಸಲಾಗದ ಶಾಯಿ ಹಚ್ಚುವ ಕೆಲಸ. 1962ರ ಮಹಾಚುನಾವಣೆಯಿಂದ ಈ ಶಾಯಿ ತಯಾರಾಗುತ್ತಿರುವುದು ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಂದಿಗೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಬೆಳಕು ಬಿದ್ದಾಗ ಅದು ಕಪ್ಪಾಗುತ್ತದೆ. ಬೇಗ ಆರಲೆಂದು ಆಲ್ಕೋಹಾಲ್ ಬೆರೆಸಿರುತ್ತಾರೆ.

ಹೆಚ್ಚು ಹಚ್ಚಿದರೆ ಗುರುತು ಗಟ್ಟಿಯಾಗುತ್ತದೆ ಎಂಬುದು ಹಲವರ ನಂಬಿಕೆ. ಕೆಲಸ ಮಾಡುತ್ತ ನಾನು ಕಂಡದ್ದು ಇದಕ್ಕೆ ತದ್ವಿರುದ್ಧ. ದಪ್ಪ ಹನಿ ಉಗುರಿನ ನುಣುಪಿನ ಮೇಲೆ ನಿಲ್ಲದೆ ಪಕ್ಕದ ಸಂದಿಗೆ ಜಾರಿ ಅಲ್ಲಿ ಮಡುಗಟ್ಟುತ್ತದೆ. ಉಗುರಿನ ಮೇಲೆ ಉಳಿದದ್ದು ಅಂಚಿನಿಂದ ಒಣಗುತ್ತ ಬರುವುದರಿಂದ ಒಳಗಿನ ದ್ರವವೂ ಅಂಚಿನತ್ತಲೇ ಹರಿದು, ಸುತ್ತ ಗಾಢವಾದ ಗೆರೆ, ನಡುವೆ ತೆಳುವಾದ ಬಣ್ಣ ಉಳಿಯುತ್ತದೆ. ಆದ್ದರಿಂದ ಕಡ್ಡಿಯನ್ನು ಬಾಟಲಿಯ ಬಾಯಿಗೆ ಒರೆಸಿ, 2006ರಿಂದ ಜಾರಿಯಲ್ಲಿರುವ ನಿಯಮದಂತೆ ಉಗುರಿನ ತುದಿಯಿಂದ ಮೊದಲ ಗೆಣ್ಣಿನ ಬುಡದವರೆಗೆ ಒಂದೇ ಎಳೆತದಲ್ಲಿ ತೆಳುವಾಗಿ ಗೆರೆ ಎಳೆಯುತ್ತಿದ್ದೆ. ಚರ್ಮದ ಸಣ್ಣ ಗೀರುಗಳು ಶಾಯಿಯನ್ನು ತಾವೇ ಎಳೆದುಕೊಳ್ಳುತ್ತವೆ. ಉಗುರಿನ ಮೇಲೆ ಅದು ನಮ್ಮ ಕೈಚಳಕದಿಂದಲೇ ಹರಡಬೇಕು.

ಎಣ್ಣೆ ಹಚ್ಚಿಕೊಂಡು ಬಂದ ಬೆರಳಿನ ಮೇಲೆ ಪದರವೇ ಕೂರುವುದಿಲ್ಲ, ಕೆಸುವಿನೆಲೆಯ ಮೇಲಿನ ನೀರಿನಂತೆ ಮುದ್ದೆಗಟ್ಟುತ್ತದೆ. ಅಂಥವರ ಬೆರಳನ್ನು ಮೊದಲು ಬಟ್ಟೆಯಿಂದ ಒರೆಸಬೇಕೆಂದು ಕೈಪಿಡಿಯೇ ಹೇಳುತ್ತದೆ. (ಎಲ್ಲರೂ ಅಳಿಸುವ ದುರುದ್ದೇಶದಿಂದಲೇ ಎಣ್ಣೆ ಹಚ್ಚಿರುವುದಿಲ್ಲ, ಬೆಳಗ್ಗೆ ತಲೆ ಬಾಚಿದ ಕೈಯಲ್ಲೇ ಬಂದವರೂ ಇರುತ್ತಾರೆ.) ಬೆವರಿದ ಬೆರಳನ್ನೂ ನಾನು ಒರೆಸುತ್ತಿದ್ದೆ: ಬೆವರಿನ ಉಪ್ಪು ಶಾಯಿಗೆ ಬೇಕಾದದ್ದೇ, ಆದರೆ ನೀರು ಅದನ್ನು ತೆಳ್ಳಗಾಗಿಸಿ ಒಣಗುವುದನ್ನು ತಡಮಾಡುತ್ತದೆ.

ರಿಜಿಸ್ಟರಿನಲ್ಲಿ ಸಹಿ ಪಡೆಯುವ ಮೊದಲೇ ಶಾಯಿ ಹಚ್ಚಬೇಕೆಂಬ ಸೂಚನೆಯಲ್ಲಿ ಒಳ್ಳೆಯ ವಿವೇಚನೆಯಿದೆ. ಸಹಿ ಮಾಡಿ, ಚೀಟಿ ಪಡೆದು, ಮತ ಹಾಕಿ ಹೊರಡುವಷ್ಟರಲ್ಲಿ ಆಲ್ಕೋಹಾಲ್ ಹಾರಿಹೋಗಿರುತ್ತದೆ. ಬೆರಳಿಗೆ ತಣ್ಣಗೆ ತಾಗುವ ಅನುಭವ ನಿಂತಿತೆಂದರೆ ಪದರ ಬಹುಮಟ್ಟಿಗೆ ಆರಿದಂತೆ. ಆದರೆ ಆರುವುದು ಬೇರೆ, ಕಪ್ಪಾಗುವುದು ಬೇರೆ. ಮಬ್ಬುಗತ್ತಲ ಶಾಲಾ ಕೊಠಡಿಯಲ್ಲಿ ನೇರಳೆಯಾಗಿಯೇ ಕಾಣುವ ಗೆರೆಯನ್ನು ನೋಡಿ ಶಾಯಿ ಸರಿಯಿಲ್ಲವೆಂದು ಏಜೆಂಟರು ತಕರಾರು ತೆಗೆದಾಗ, ಆಗಲೇ ಮತ ಹಾಕಿ ಬಿಸಿಲಿನಲ್ಲಿ ನಿಂತಿರುವವರ ಬೆರಳನ್ನು ನೋಡಿ ಬನ್ನಿ ಎಂದು ಅವರನ್ನು ಹೊರಗೆ ಕಳುಹಿಸುತ್ತಿದ್ದೆ.